ಐದು ಮಿಲಿಲೀಟರಿನ ತೂಕ

3 ಜುಲೈ 1978, ಸೋಮವಾರ

ಜರ್ಮನಿಯ ಯಂತ್ರವನ್ನು ಇವತ್ತು ಪೆಟ್ಟಿಗೆಯಿಂದ ತೆಗೆದರು. ಆಮದು ಪರವಾನಗಿಗೆ ಅರ್ಜಿ ಹಾಕಿ ಎರಡು ವರ್ಷ ಒಂದು ತಿಂಗಳಾಗಿತ್ತು. ಪೆಟ್ಟಿಗೆಯ ಹಲಗೆಗಳನ್ನು ಮನೆಗೆ ಒಯ್ಯಲು ವಾಚ್‌ಮನ್ ಜಂಬಣ್ಣ ಅನುಮತಿ ಕೇಳಿದ. ಕೊಟ್ಟರು. ಇದುವರೆಗೆ ಯಂತ್ರದಿಂದ ಆದ ಉಪಯೋಗ ಅಷ್ಟೇ.

ಗಾತ್ರದಲ್ಲಿ ಹೊಲಿಗೆ ಯಂತ್ರದಷ್ಟಿದೆ. ಗಾಜಿನ ಸಿರಿಂಜೊಂದು ಬಾಟಲಿಯಿಂದ ದ್ರವವನ್ನು ಎಳೆದು, ತೋಳಿನ ತುದಿಯ ಸೂಜಿಯಿಂದ ಟ್ಯೂಬಿಗೆ ಬಿಡುತ್ತದೆ. ಬಿಟ್ಟ ಮೇಲೆ ತೋಳು ತಾನೇ ಮುಂದಿನ ಟ್ಯೂಬಿಗೆ ಸರಿಯುತ್ತದೆ. ಗುಂಡಿ ಒತ್ತಿದರೆ ನಲವತ್ತು ಟ್ಯೂಬಿಗೆ ತಲಾ ಐದು ಮಿಲಿಲೀಟರ್, ಆರು ನಿಮಿಷದಲ್ಲಿ.

ನಮ್ಮಲ್ಲಿ ಈ ಕೆಲಸವನ್ನು ಶಿವಕ್ಕ ಮತ್ತು ಕೋಕಿಲಾ ಬಾಯಿಂದ ಮಾಡುತ್ತಾರೆ. ಗಾಜಿನ ಪಿಪೆಟ್ಟು ಕೊಳವೆಯ ತುದಿಯನ್ನು ತುಟಿಗಿಟ್ಟು, ಆಸ್ಪತ್ರೆಗಳಿಗೆ ಕಳಿಸುವ ರಕ್ತದ ಸಕ್ಕರೆ ಪರೀಕ್ಷೆಯ ದ್ರಾವಣವನ್ನು ಗೆರೆಯವರೆಗೆ ಎಳೆದು, ಬೆರಳಿನಿಂದ ಮುಚ್ಚಿ, ಟ್ಯೂಬಿಗೆ ಬಿಡುವುದು. ದಿನಕ್ಕೆ ತಲಾ ಆರುನೂರು. ಶಿವಕ್ಕ ಹದಿನಾಲ್ಕು ವರ್ಷದಿಂದ ಎಳೆಯುತ್ತಿದ್ದಾಳೆ. ಅವಳ ಕೆಳತುಟಿಯ ಬಲಗಡೆ ಪಿಪೆಟ್ಟು ಕೂರುವಷ್ಟು ಗುಳಿಯೇ ಆಗಿದೆ. ಕೋಕಿಲಾ ಬಂದು ಎರಡು ವರ್ಷ. ಈ ವರ್ಷದಲ್ಲಿ ಎರಡು ಸಲ ದ್ರಾವಣ ಅವಳ ಗಂಟಲಿಗೆ ಹೋಗಿದೆ.

ಮ್ಯಾನೇಜರ್ ಚಕ್ರಪಾಣಿಯವರು ತಮ್ಮ ಕೋಣೆಗೆ ಕರೆದರು.

"ಸತ್ಯವತಿ, ಅಳತೆ ವ್ಯತ್ಯಾಸ ಶೇಕಡಾ ಒಂದರ ಒಳಗೆ ಬರುತ್ತಾ ಅಂತ ನೋಡಿ ಬರ್ದುಕೊಡಿ. ಬಂದ್ರೆ ಇಟ್ಕೋತೀವಿ. ಬರದಿದ್ರೆ ಮೂವತ್ತೊಂದರೊಳಗೆ ವಾಪಸ್. ಗ್ಯಾರಂಟಿ ಅಲ್ಲಿಗೆ ಮುಗಿಯುತ್ತೆ."

"ಇಟ್ಕೊಂಡ್ರೆ, ಸಾರ್?"

"ಮಿಷನ್ ನೋಡ್ಕೊಳ್ಳೋಕೆ ಒಬ್ರು ಸಾಕು. ಕೋಕಿಲಾ ಎಸ್ಸೆಸ್ಸೆಲ್ಸಿ ಮಾಡಿದಾಳೆ, ಇಂಗ್ಲಿಷ್ ಓದ್ತಾಳೆ."

ಶಿವಕ್ಕನ ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ನನ್ನ ಕೆಲಸ ಅಳತೆ ನೋಡುವುದು. ಅಳತೆಯಿಂದ ಏನಾಗುತ್ತದೆ ಎಂದು ನೋಡುವುದು ನನ್ನ ಕೆಲಸವಲ್ಲ.

5 ಜುಲೈ, ಬುಧವಾರ

ಪರೀಕ್ಷೆಯ ವಿಧಾನವನ್ನು ನಾನೇ ಬರೆದು ಟೈಪ್ ಮಾಡಿಸಿದೆ. ಯಂತ್ರದಿಂದ ಐದು ಮಿಲಿಲೀಟರ್ ಡಿಸ್ಟಿಲ್ಡ್ ನೀರನ್ನು ಮುಚ್ಚಳದ ಸಣ್ಣ ಶೀಷೆಗೆ ಬಿಡಿಸಿ ತೂಗುವುದು. ಇಪ್ಪತ್ತನಾಲ್ಕು ಡಿಗ್ರಿಯಲ್ಲಿ ಅದು 4.98 ಗ್ರಾಂ ತೂಗಬೇಕು. 4.93ರಿಂದ 5.03ರವರೆಗೆ ಪಾಸು. ಹತ್ತು ತೂಕ ಸೇರಿದರೆ ಒಂದು ಸರಣಿ.

ಕಷ್ಟ ಇರುವುದು ಪಕ್ಕದ ಶೆಡ್ಡಿನಲ್ಲಿ. ಅಲ್ಲಿ ತಗಡು ಒತ್ತುವ ಪ್ರೆಸ್ಸಿದೆ. ಅದು ಬಡಿದಾಗಲೆಲ್ಲ ನಮ್ಮ ತಕ್ಕಡಿಯ ಮುಳ್ಳು ಕುಣಿಯುತ್ತದೆ. ಈ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಹಗಲು ಹೊತ್ತಿನಲ್ಲಿ ತಕ್ಕಡಿ ನೆಟ್ಟಗೆ ನಿಲ್ಲುವುದು ಅವರು ಊಟಕ್ಕೆ ಎದ್ದಾಗ ಮಾತ್ರ, ಹನ್ನೆರಡೂವರೆಯಿಂದ ಒಂದೂಕಾಲು. ಹತ್ತು ತೂಕಕ್ಕೆ ನಲವತ್ತು ನಿಮಿಷ ಹಿಡಿಯುತ್ತದೆ. ಹಾಗಾಗಿ ನನ್ನ ಊಟ ಒಂದೂವರೆಗೆ.

ಇನ್ನೊಂದು ಕಷ್ಟ ನೀರಿನದು. ಬೆಳಗ್ಗೆ ಬಟ್ಟಿ ಇಳಿಸಿದ ಮೊದಲ ಜಾಡಿಗಳು ದ್ರಾವಣಕ್ಕೆ ಹೋಗಿ, ನನ್ನ ಜಾಡಿ ತುಂಬುವ ಹೊತ್ತಿಗೆ ಹನ್ನೆರಡಾಗುತ್ತದೆ, ಬಿಸಿಯೂ ಇರುತ್ತದೆ. ಅರ್ಧ ಗಂಟೆಯಲ್ಲಿ ತಣ್ಣಗಾಗಬೇಕು. ಎರಡು ಬೀಕರ್ ಹಿಡಿದು, ಕಾಫಿ ಆರಿಸುವ ಹಾಗೆ ಮೇಲಿಂದ ಕೆಳಕ್ಕೆ ಸುರಿದು ಸುರಿದು ಇಪ್ಪತ್ತನಾಲ್ಕಕ್ಕೆ ತಂದೆ. ಇದನ್ನು ಬೇರೆಯವರ ಕೈಗೆ ಕೊಡುವುದಿಲ್ಲ.

ಫಲಿತಾಂಶ: ಸರಾಸರಿ 4.87. ಕನಿಷ್ಠ 4.84, ಗರಿಷ್ಠ 4.90. ಶೇಕಡಾ ಎರಡು ಚಿಲ್ಲರೆ ಕಡಿಮೆ.

ಕೋಕಿಲಾ ನನ್ನ ಭುಜದ ಮೇಲಿಂದ ಇಣುಕಿದಳು. "ಮೇಡಂ, ಜರ್ಮನಿಯೋರೂ ನಮ್ಮ ಹಾಲಿನೋನ ಥರಾನೇ ಅಳೀತಾರೆ."

ಶಿವಕ್ಕ ನಗಲಿಲ್ಲ. ಬೀಕರುಗಳನ್ನು ಸ್ವಲ್ಪ ಹೊತ್ತು ನೋಡಿ ತನ್ನ ಜಾಗಕ್ಕೆ ಹೋದಳು.

6 ಜುಲೈ, ಗುರುವಾರ

4.86. ಯಂತ್ರದ ಪುಸ್ತಕದಲ್ಲಿ ಹೇಳಿದಂತೆ ತಿರುಪುಗಳನ್ನು ಬಿಗಿ ಮಾಡಿದೆ. ಸಂಜೆ ಪ್ರೆಸ್ ನಿಂತ ಮೇಲೆ ಮತ್ತೆ 4.86.

8 ಜುಲೈ, ಶನಿವಾರ

ಹನ್ನೆರಡಕ್ಕೆ ನೀರು ಆರಿಸಿ ಜಾಡಿಗೆ ತುಂಬಿ ಮುಚ್ಚಿಟ್ಟೆ. ಹನ್ನೆರಡೂ ಹತ್ತಕ್ಕೆ ಕರೆಂಟ್ ಹೋಯಿತು. ಯಂತ್ರವೂ ನಿಂತಿತು, ಪಕ್ಕದ ಪ್ರೆಸ್ಸೂ ನಿಂತಿತು. ತಕ್ಕಡಿಗೆ ಇಂಥ ದಿನ ಮತ್ತೆ ಸಿಗುವುದಿಲ್ಲವೆಂದು, ಹೋಲಿಕೆಗಾಗಿ ಇವರಿಬ್ಬರ ಕೈಯ ಅಳತೆ ತೂಗಿದೆ.

ಕೋಕಿಲಾ: 4.92ರಿಂದ 5.02. "ಪಾಸಾ ಮೇಡಂ?" "ಹತ್ತರಲ್ಲಿ ಒಂದು ಫೇಲು." "ಎಸ್ಸೆಸ್ಸೆಲ್ಸಿಲೂ ಒಂದೇ ಹೋಗಿದ್ದು."

ಶಿವಕ್ಕ ನಾನಿಟ್ಟ ನೀರು ಬೇಡವೆಂದು ತನ್ನ ಬಾಟಲಿಯ ನೀರನ್ನೇ ತೆಗೆದುಕೊಂಡಳು. ಹತ್ತರಲ್ಲಿ ಎಂಟು 4.98, ಒಂದು 4.97, ಒಂದು 4.99. ಮತ್ತೊಮ್ಮೆ ಮಾಡಿಸಿದೆ. ಹಾಗೇ ಬಂತು. ಹನ್ನೊಂದು ವರ್ಷದಿಂದ ಅವಳ ಮೇಲ್ವಿಚಾರಕಿಯಾಗಿದ್ದೇನೆ. ಅವಳ ಅಳತೆಯನ್ನು ತೂಗಿದ್ದು ಇದೇ ಮೊದಲು.

"ಎಂಗೈತೆ, ಅಮ್ಮಾರೆ?" ಎಂದಳು.

"ಚೆನ್ನಾಗಿದೆ."

"ಮಿಷನ್ನಿಗಿಂತವಾ?"

"ಸದ್ಯಕ್ಕೆ."

10 ಜುಲೈ, ಸೋಮವಾರ

ಶನಿವಾರದ ನೀರು ಜಾಡಿಯಲ್ಲಿ ಹಾಗೇ ಇತ್ತು. ಅದನ್ನೇ ಯಂತ್ರಕ್ಕೆ ಕೊಟ್ಟೆ.

ಸರಾಸರಿ 4.98. ಹತ್ತೂ 4.97ರಿಂದ 4.99ರ ಒಳಗೆ.

ಒಂದು ಸಲ ಸರಿ ಬಂದರೆ ಅದು ಸಾಕ್ಷಿಯಲ್ಲ. ಶಿವಕ್ಕ ಬಂದು "ಇವತ್ತೆಷ್ಟು ಬಂತು ಅಮ್ಮಾರೆ?" ಎಂದಳು. ಇನ್ನೂ ಕೂಡಿಲ್ಲ ಎಂದೆ. ಕೂಡಿ ಆಗಿತ್ತು.

11 ಜುಲೈ, ಮಂಗಳವಾರ

ಮಧ್ಯಾಹ್ನ ಒಂದು ಸರಣಿ, ಐದೂವರೆಗೆ ಪ್ರೆಸ್ ನಿಂತ ಮೇಲೆ ಇನ್ನೊಂದು. ಇವತ್ತು ಇಳಿಸಿ ಸುರಿದು ಆರಿಸಿದ ನೀರಿನಲ್ಲಿ 4.87. ಶನಿವಾರದ ಜಾಡಿಯಲ್ಲಿ ಉಳಿದಿದ್ದ ನೀರಿನಲ್ಲಿ 4.98.

ಕಾರಣ ಸ್ಪಷ್ಟ. ಎತ್ತರದಿಂದ ಸುರಿದಾಗ ನೀರಿಗೆ ಗಾಳಿ ಸೇರುತ್ತದೆ. ಸಿರಿಂಜು ರಭಸದಿಂದ ಎಳೆದಾಗ ಆ ಗಾಳಿ ಗುಳ್ಳೆಯಾಗಿ ಹೊರಬಂದು ಒಳಗೇ ಕೂರುತ್ತದೆ. ಗುಳ್ಳೆ ಎಷ್ಟು ಜಾಗ ತಿನ್ನುತ್ತದೋ ಅಷ್ಟು ನೀರು ಕಡಿಮೆ. ಭೂತಗನ್ನಡಿ ಹಿಡಿದು ನೋಡಿದೆ. ಸಿರಿಂಜಿನ ತಲೆಯಲ್ಲಿ ಗುಳ್ಳೆಗಳು ಸಾಸಿವೆ ಚೆಲ್ಲಿದ ಹಾಗೆ ಕೂತಿದ್ದವು. ನೀರನ್ನು ಸುಮ್ಮನೆ ಇಟ್ಟರೆ ಗಾಳಿ ಬಿಟ್ಟುಹೋಗುತ್ತದೆ.

ಅಂದರೆ ತಪ್ಪು ಯಂತ್ರದ್ದಲ್ಲ, ನನ್ನದು. ನಾಳೆ ಇಟ್ಟ ನೀರಿನಿಂದ ಮೂರು ಸರಣಿ ಮಾಡಿ ವರದಿ ಬರೆಯಬೇಕು.

12 ಜುಲೈ, ಬುಧವಾರ

ಸಮಯವಾಗಲಿಲ್ಲ.

13 ಜುಲೈ, ಗುರುವಾರ

ನೀರನ್ನು ಎಂದಿನಂತೆ ಆರಿಸಿ ಒಂದು ಸರಣಿ. 4.87. ನೀರನ್ನು ಎಷ್ಟು ಹೊತ್ತು ಇಡಬೇಕೆಂದು ವಿಧಾನದ ಕಾಗದದಲ್ಲಿ ಬರೆದಿಲ್ಲ. ಪರೀಕ್ಷೆಯ ನಡುವೆ ವಿಧಾನ ಬದಲಿಸುವುದು ಕ್ರಮವಲ್ಲ.

14 ಜುಲೈ, ಶುಕ್ರವಾರ

4.86.

15 ಜುಲೈ, ಶನಿವಾರ

ಚಕ್ರಪಾಣಿಯವರು ಕೇಳಿದರು. ಕಡಿಮೆ ಬರುತ್ತಿದೆ ಎಂದೆ. ಹೆಚ್ಚು ಸರಣಿಗಳಲ್ಲಿ ಕಡಿಮೆ ಬಂದಿರುವುದು ನಿಜ. "ನನ್ನೆದುರಿಗೇ ಟೆಲಿಗ್ರಾಂ ಬರೀರಿ" ಎಂದರು. ಸರಬರಾಜುದಾರರ ಮದರಾಸು ಕಚೇರಿಗೆ ಎಂಜಿನಿಯರನ್ನು ಕಳಿಸಲು ಬರೆದೆವು. ಎಂಜಿನಿಯರ್ ಬಂದೂ ಸರಿಹೋಗದಿದ್ದರೆ ಯಂತ್ರ ವಾಪಸು.

ಸುದ್ದಿ ಪಿಪೆಟ್ಟಿನ ಮೇಜಿಗೆ ನನಗಿಂತ ಮೊದಲೇ ಮುಟ್ಟಿತ್ತು. ಊಟದ ಹೊತ್ತಿನಲ್ಲಿ ಕೋಕಿಲಾ ಹೇಳುತ್ತಿದ್ದಳು, "ಅಕ್ಕ, ಮಿಷನ್ ಹೋದ್ರೆ ನಿಮ್ಮ ಲೆಕ್ಕದಲ್ಲಿ ಎಲ್ರಿಗೂ ಮೈಸೂರು ಪಾಕು."

"ಉಳ್ಕಂಡ್ರೆ?"

"ಉಳ್ಕೊಂಡ್ರೆ ನೀವು ಬೇರೆ ಕಡೆ ನೋಡ್ಕೊಳ್ಳೋದು."

"ನಲವತ್ತೊಂಬತ್ತಕ್ಕೆ ಇನ್ನೆಲ್ ನೋಡ್ಲಿ? ನಂಗೆ ಬರಾದು ಇದೊಂದೇಯ. ಈ ಬಾಯಿಗೆ ಇನ್ನೆಲ್ ಕೆಲಸ ಐತೆ? ವಾಲಗ ಊದಾಕೆ ಹೋಗ್ಲಾ?"

"ಊದೋದಲ್ಲ ಅಕ್ಕ, ನಿಮ್ದು ಎಳೆಯೋದು."

ಇಬ್ಬರೂ ನಕ್ಕರು. ಶಿವಕ್ಕ ಹೊಸಹಳ್ಳಿಯಿಂದ ದಿನಾ ನಡೆದೇ ಬರುತ್ತಾಳೆ. ಗಂಡ ಇಲ್ಲ. ಮಗಳು ಮತ್ತು ಇಬ್ಬರು ಮೊಮ್ಮಕ್ಕಳು ಅವಳ ಜೊತೆಗೇ ಇದ್ದಾರೆ. ಅವರು ಏಕೆ ಬಂದು ಇದ್ದಾರೆ ಎಂದು ನಾನು ಕೇಳಿಲ್ಲ. ಈ ಸಂಗತಿಗೂ ಪರೀಕ್ಷೆಗೂ ಸಂಬಂಧವಿಲ್ಲ. ಸುಮ್ಮನೆ ಬರೆದಿಟ್ಟೆ.

18 ಜುಲೈ, ಮಂಗಳವಾರ

ಅಪ್ಪ ಇವತ್ತಿನ ಪತ್ರಿಕೆಯಲ್ಲಿ ಹದಿನೇಳು ತಪ್ಪು ಹಿಡಿದರು. ಪ್ರೂಫ್ ರೀಡರ್ ಕೆಲಸದಿಂದ ನಿವೃತ್ತರಾಗಿ ಒಂಬತ್ತು ವರ್ಷವಾದರೂ ಕೆಂಪು ಪೆನ್ಸಿಲ್ ಬಿಟ್ಟಿಲ್ಲ. ತಪ್ಪು ತಿದ್ದಿದ ಪತ್ರಿಕೆಯನ್ನು ಯಾರಿಗೂ ಕಳಿಸುವುದಿಲ್ಲ. ಮಡಿಸಿ ಕಪಾಟಿನಲ್ಲಿ ಇಡುತ್ತಾರೆ.

"ನಿನ್ನ ಮಿಷನ್ ಕಥೆ ಎಲ್ಲಿಗೆ ಬಂತೇ?"

"ತಪ್ಪು ಅಳೀತಿದೆ ಅಪ್ಪ."

"ಮೂಲಪ್ರತಿ ನೋಡಿದ್ಯಾ?"

"ಅಂದ್ರೆ?"

"ತಪ್ಪು ಕಂಡ ಕೂಡ್ಲೇ ಅಚ್ಚಿನ ಮೊಳೆ ಜೋಡಿಸೋನನ್ನ ಬೈಯೋದು ಸುಲಭ. ಅರ್ಧ ಸಲ ತಪ್ಪು ಬರ್ದುಕೊಟ್ಟೋನ್ದೇ ಇರುತ್ತೆ. ಮೊಳೆಯೋನಿಗೆ ಏನು ಕೊಟ್ರು, ಅದನ್ನ ಮೊದ್ಲು ನೋಡ್ಬೇಕು."

"ನೋಡಿದೀನಿ" ಎಂದೆ. ಸುಳ್ಳೇನಲ್ಲ.

20 ಜುಲೈ, ಗುರುವಾರ

ಎಂಜಿನಿಯರ್ ಬಂದರು. ವೆಂಕಟಗಿರಿ ಎಂದು ಹೆಸರು, ಇಪ್ಪತ್ತಾರು ವರ್ಷವಿರಬಹುದು. ಕೆಲಸ ಮದರಾಸಿನಲ್ಲಾದರೂ ಊರು ಕೆಂಗೇರಿ. ಅಲ್ಲಿಂದಲೇ ಬಸ್ಸಿನಲ್ಲಿ ಬಂದರು, ತಾಯಿ ಕಟ್ಟಿಕೊಟ್ಟ ಊಟದ ಡಬ್ಬಿ ಸಮೇತ.

ಯಂತ್ರವನ್ನು ಬಿಚ್ಚಿ ಒಂದೊಂದೇ ಭಾಗವನ್ನು ಬಿಳಿ ಬಟ್ಟೆಯ ಮೇಲೆ ಜೋಡಿಸಿದರು. ನಾನು ನೀರು ತಯಾರಿಸಿದೆ. ಬೀಕರಿನಿಂದ ಬೀಕರಿಗೆ ಸುರಿಯುವುದನ್ನು ಕೂತು ನೋಡಿದರು.

"ನಮ್ಮಮ್ಮನೂ ಕಾಫಿ ಹೀಗೇ ಆರಿಸೋದು ಮೇಡಂ. ಒಂದು ತೊಟ್ಟು ಕೆಳಗೆ ಬೀಳಲ್ಲ."

ಆಗ ನಾನು ಬೀಕರನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿದೆ ಎಂದು ಈಗ ಬರೆಯುವಾಗ ನೆನಪಾಗುತ್ತಿದೆ.

4.86. ಗುಳ್ಳೆಗಳನ್ನು ಅವರೂ ಕಂಡರು. "ಎಲ್ಲೋ ಗಾಳಿ ಎಳೀತಿದೆ" ಎಂದು ಎಲ್ಲ ಕೊಳವೆಗಳ ಜೋಡಣೆ ಬಿಗಿ ಮಾಡಿದರು. ಐದೂವರೆಯ ಮೇಲೆ ಮತ್ತೊಂದು ಸರಣಿ. 4.87.

21 ಜುಲೈ, ಶುಕ್ರವಾರ

ವೆಂಕಟಗಿರಿ ತಾವು ತಂದಿದ್ದ ಹೊಸ ಸಿರಿಂಜು ಹಾಕಿದರು. ಹೊಸ ಕೊಳವೆ ಹಾಕಿದರು. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗಾಳಿ ಎಲ್ಲಿಂದ ಬರುತ್ತಿದೆಯೆಂದು ಹುಡುಕಿದರು. ಎಲ್ಲಿಂದಲೂ ಬರುತ್ತಿರಲಿಲ್ಲ.

4.87.

ನೆಲದ ಮೇಲೆ ಗೋಡೆಗೆ ಒರಗಿ ಕೂತುಬಿಟ್ಟರು. "ಈ ವರ್ಷ ಇದು ಮೂರನೇ ಕಂಪ್ಲೇಂಟು ಮೇಡಂ. ಹಿಂದಿನ ಎರಡರಲ್ಲೂ ಮಿಷನ್ ವಾಪಸ್ ಹೋಯ್ತು. ಇದೂ ಹೋದ್ರೆ ನಾನೂ ಹೋಗ್ತೀನಿ. ಕಂಪನಿಯೋರು ಬರೆದೇ ಕೊಟ್ಟಿದಾರೆ." ನಾಳೆ ರಾತ್ರಿಯ ರೈಲಿಗೆ ಟಿಕೆಟ್ ಮಾಡಿಸಿದ್ದಾರಂತೆ. ಸಿರಿಂಜಿನ ತಯಾರಿಕೆಯಲ್ಲೇ ದೋಷವಿದೆ ಎಂದು ವರದಿ ಕೊಡುತ್ತಾರಂತೆ.

ಮೂವತ್ತೊಂದಕ್ಕೆ ಹತ್ತು ದಿನವಿದೆ. ಬೇರೆ ಏನೂ ಬರೆಯಲು ತೋಚುತ್ತಿಲ್ಲ.

22 ಜುಲೈ, ಶನಿವಾರ

ಕೋಕಿಲಾ ಅಂಚೆಗೆ ಹೋಗಿದ್ದಳು. ವೆಂಕಟಗಿರಿ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದರು. ಶಿವಕ್ಕ ನನ್ನ ಮೇಜಿನ ಹತ್ತಿರ ಬಂದರು.

"ಅಮ್ಮಾರೆ, ಒಂದ್ ಮಾತು. ಬೇಜಾರ್ ಮಾಡ್ಕಬಾರ್ದು."

"ಹೇಳಿ."

"ನೀವು ನೀರ್ನ ಮ್ಯಾಲಿಂದ ಸುರೀತೀರಲ್ಲ, ಅದು ಗಾಳಿ ಕುಡೀತದೆ. ಕುಡದ್ ನೀರು ಗುಳ್ಳೆ ಬಿಡ್ತದೆ. ನೀರ್ನ ಕೂರುಸ್ಬೇಕು. ನಾನು ದಿನಾ ಬೆಳಗ್ಗೆ ಒಂದ್ ಗುಟ್ಕು ಬಾಯ್ಗಾಕ್ಕಂಡು ನೋಡ್ತೀನಿ. ನಾಲ್ಗೆ ಮ್ಯಾಲೆ ಚುರುಚುರು ಅಂದ್ರೆ ಇನ್ನೂ ಕೂತಿಲ್ಲ ಅಂತ. ಆಮ್ಯಾಕೇ ಮದ್ದು ಕಲ್ಸಾದು."

ದಿನಾ ಬೆಳಗ್ಗೆ ಶಿವಕ್ಕ ಒಂದು ಗುಟುಕು ನೀರನ್ನು ಬಾಯಲ್ಲಿ ಆಡಿಸಿ ಉಗಿಯುವುದನ್ನು ಹನ್ನೊಂದು ವರ್ಷದಿಂದ ನೋಡಿದ್ದೇನೆ. ಬಾಯಿ ಮುಕ್ಕಳಿಸುತ್ತಿದ್ದಾರೆ ಎಂದುಕೊಂಡಿದ್ದೆ.

"ಯಾವತ್ತಿಂದ ಗೊತ್ತು ನಿಮಗೆ?"

"ನೀವು ಮೊದಲ್ನೇ ದಿವ್ಸ ಸುರಿದಾಗ್ಲೇಯ."

"ಯಾಕೆ ಹೇಳ್ಲಿಲ್ಲ?"

"ಯಾಕ್ ಹೇಳ್ಲಿ? ಹೇಳಿದ್ರೆ ಹೋಗಾದು ನನ್ ಕೆಲಸ."

"ಈಗ್ಯಾಕೆ ಹೇಳ್ತಿದೀರಿ?"

ಹೊರಗೆ ಬೇವಿನ ಮರದ ಕಡೆ ಕೈ ತೋರಿಸಿದರು. "ಆ ಹುಡುಗ ನಿನ್ನೆ ಡಬ್ಬಿ ಬಿಚ್ಚಲಿಲ್ಲ. ತಾಯಿ ಕಟ್ಟಿದ್ ಊಟ ಅಂಗೇ ಎತ್ಕಂಡೋದ. ಇನ್ನೊಂದು, ಮಿಷನ್ ಸೋಲ್ಲಿ, ಬ್ಯಾಡ ಅಂದೋರ್ಯಾರು. ಗಾಳಿ ಕುಡ್ಸಿ ಸೋಲ್ಸಿದ್ರೆ ನನ್ ಕೈ ಗೆದ್ದಂಗಾಯ್ತದಾ?" ಆಮೇಲೆ ಹೇಳಿದರು: "ಓದ್ದೋರು ನೀವು. ಇಷ್ಟು ದಿನ ನಿಮ್ಗೆ ಹೊಳೀಲಿಲ್ವಲ್ಲ ಅಂತ ನಂಗೂ ಒಂಥರಾ ಆಗ್ತಿತ್ತು."

"ಹೊಳೀಲಿಲ್ಲ ಶಿವಕ್ಕ" ಎಂದೆ.

ವೆಂಕಟಗಿರಿಯವರಿಗೆ ಟಿಕೆಟ್ ರದ್ದು ಮಾಡಲು ಹೇಳಿದೆ. ಒಂದು ಜಾಡಿ ನೀರು ಹಿಡಿದು, ಸುರಿಯದೆ ಮುಚ್ಚಿಟ್ಟೆ.

24 ಜುಲೈ, ಸೋಮವಾರ

ಮಧ್ಯಾಹ್ನ 4.98. ಸಂಜೆ ಎರಡು ಸರಣಿ, ಎರಡೂ 4.98. ಮೂವತ್ತು ತೂಕದಲ್ಲಿ ಒಂದೂ ಹೊರಗೆ ಹೋಗಲಿಲ್ಲ. ಒಳ್ಳೆಯ ಯಂತ್ರ.

ವೆಂಕಟಗಿರಿ ಎರಡು ಸಲ ಕೂಡಿ ನೋಡಿದರು. ಆಮೇಲೆ ಶಿವಕ್ಕನ ಹತ್ತಿರ ಹೋಗಿ ಏನೋ ಹೇಳಿದರು. ಶಿವಕ್ಕ "ಮೊದ್ಲು ಊಟ ಮಾಡಪ್ಪ" ಎಂದದ್ದು ಮಾತ್ರ ನನಗೆ ಕೇಳಿಸಿತು. ಸಂಜೆ ಏಳು ಗಂಟೆಗೆ ಯಾವ ಊಟವೋ.

ಅವರ ಕಚೇರಿಗೆ ಪತ್ರ ಬರೆದೆ: ಯಂತ್ರದಲ್ಲಾಗಲಿ ಎಂಜಿನಿಯರರ ಕೆಲಸದಲ್ಲಾಗಲಿ ದೋಷವಿರಲಿಲ್ಲ, ಪರೀಕ್ಷಿಸಿದವರು ನೀರನ್ನು ಸಿದ್ಧಪಡಿಸಿದ ಕ್ರಮ ತಪ್ಪಾಗಿತ್ತು. ಪರೀಕ್ಷಿಸಿದವರು ಎಂದಿರುವಲ್ಲಿ ನನ್ನ ಹೆಸರು ಹಾಕಿದೆ.

25 ಜುಲೈ, ಮಂಗಳವಾರ

ವರದಿ ಕೊಟ್ಟೆ. ಕಾರಣ ತೋರಿಸಿದವರು: ಶಿವಕ್ಕ, ಪಿಪೆಟ್ ವಿಭಾಗ. ಕಾರಣ ಗೊತ್ತಾದ ದಿನಾಂಕಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ. ನಮೂನೆ ತಯಾರಿಸಿದ್ದು ನಾನೇ.

ಚಕ್ರಪಾಣಿಯವರು ಓದಿದರು. "ಇಪ್ಪತ್ತು ದಿನ ಕಾಫಿ ಆರಿಸಿದಿರಿ ಅನ್ನಿ."

"ಹೌದು ಸಾರ್."

"ಹೋಗ್ಲಿ. ಪಾಸಾಯ್ತಲ್ಲ." ಶಿವಕ್ಕನ ಕೊನೆಯ ದಿನ ಮೂವತ್ತೊಂದು ಎಂದರು. "ಒಳ್ಳೇ ಹೆಂಗಸು ಪಾಪ" ಎಂದೂ ಸೇರಿಸಿದರು. ನನ್ನ ವರದಿಯಲ್ಲಿ ಆ ಹೆಸರು ಇದ್ದ ಸಾಲಿನ ಮೇಲೆಯೇ ಅವರ ಬೆರಳಿತ್ತು.

ನನ್ನ ಕೆಲಸ ಮುಗಿಯಿತು.

26 ಜುಲೈ, ಬುಧವಾರ

ಮಧ್ಯಾಹ್ನ ತೂಗುವುದೇನೂ ಇರಲಿಲ್ಲ. ಹನ್ನೆರಡೂವರೆಗೇ ಊಟ ಮಾಡಿದೆ. ರುಚಿಸಲಿಲ್ಲ.

28 ಜುಲೈ, ಶುಕ್ರವಾರ

ಯಂತ್ರದಲ್ಲಿ ನಿಜವಾದ ದ್ರಾವಣ ತುಂಬುವ ಕೆಲಸ ಇವತ್ತು ಆರಂಭವಾಯಿತು. ಕಲಸಿದ ದ್ರಾವಣ ಅದೇ ದಿನ ಟ್ಯೂಬಿಗೆ ಹೋಗಬೇಕು. ಬಾಟಲಿಯಲ್ಲೇ ಉಳಿದರೆ ಮಾರನೆಯ ದಿನಕ್ಕೆ ಕೆಡುತ್ತದೆ. ಕೋಕಿಲಾ ಬೆಳಗಿನ ನೀರಿನಲ್ಲೇ ಕಲಸಿ ಒಂಬತ್ತೂವರೆಗೆ ಗುಂಡಿ ಒತ್ತಿದಳು. ನೀರನ್ನು ಯಾರೂ ಸುರಿದಿರಲಿಲ್ಲ. ಆದರೂ ಜಾಡಿಯಿಂದ ಬಾಟಲಿಗೆ, ಬಾಟಲಿಯಿಂದ ದ್ರಾವಣಕ್ಕೆ ಹೋಗುವಾಗ ಗಾಳಿ ಸೇರಿತ್ತು. ಮುನ್ನೂರ ಇಪ್ಪತ್ತು ಟ್ಯೂಬು ತುಂಬಿದ ಮೇಲೆ ನಾನು ಹತ್ತನ್ನು ತೆಗೆದು, ಪ್ರೆಸ್ಸಿನಿಂದಾಗಿ ತೂಗಲಾಗದೆ, ಪಿಪೆಟ್ಟಿನ ಗೆರೆಗೆ ಹಿಡಿದು ನೋಡಿದೆ. ಎಲ್ಲವೂ ಕಡಿಮೆ. ಮುನ್ನೂರ ಇಪ್ಪತ್ತನ್ನೂ ಚೆಲ್ಲಿದೆವು.

ಚಕ್ರಪಾಣಿಯವರು ಬಂದು ನಿಂತರು. "ಮತ್ತೇನಮ್ಮಾ ಇದಕ್ಕೆ?"

ಶಿವಕ್ಕ ತಮ್ಮ ಜಾಗದಿಂದ ಎದ್ದು ಬಂದು, ಇನ್ನೊಂದು ಜಾಡಿಯ ನೀರನ್ನು ಒಂದು ಗುಟುಕು ಬಾಯಿಗೆ ಹಾಕಿಕೊಂಡರು. "ಇನ್ನೂ ಇಲ್ಲ" ಎಂದು ಹೋಗಿ ಕೂತರು. ಮ್ಯಾನೇಜರು, ನಾನು, ಕೋಕಿಲಾ ಮೂವರೂ ಜಾಡಿಯನ್ನು ನೋಡುತ್ತ ನಿಂತೆವು. ಅರ್ಧ ಗಂಟೆ ಬಿಟ್ಟು ಮತ್ತೆ ಬಂದರು. "ಇನ್ನೊಸಿ ಕೂರ್ಬೇಕು." ಹನ್ನೊಂದೂ ಇಪ್ಪತ್ತಕ್ಕೆ "ಈಗ ಕಲ್ಸು" ಎಂದರು.

ಮಧ್ಯಾಹ್ನ ಹತ್ತು ಟ್ಯೂಬು ನೋಡಿದೆ. ಹತ್ತೂ ಸರಿ.

ಚಕ್ರಪಾಣಿಯವರು ಕೋಕಿಲಾಗೆ ಎರಡು ಲೋಟ ಕೊಡಿಸಿದರು, ಒಂದರಲ್ಲಿ ಕೂತ ನೀರು, ಒಂದರಲ್ಲಿ ಕೂರದ್ದು. ಅವಳು ಎರಡನ್ನೂ ಬಾಯಲ್ಲಿ ಆಡಿಸಿ, ಕಣ್ಣು ಮುಚ್ಚಿ ಯೋಚಿಸಿದಳು.

"ಎರಡೂ ನೀರಿನ ರುಚಿನೇ ಸಾರ್."

"ಸತ್ಯವತಿ, ಮಿಷನ್ ನಡೆಸೋದಕ್ಕೆ ಒಂದು ನಿಯಮ ಬರ್ದುಕೊಡಿ. ಸೋಮವಾರಕ್ಕೆ" ಎಂದು ಹೇಳಿ ಅವರು ಹೋದರು.

30 ಜುಲೈ, ಭಾನುವಾರ

ನಿಯಮ ಬರೆಯಲು ಕೂತೆ. ಒಂದೇ ಸಾಲಿನಲ್ಲಿ ಮುಗಿಯುವ ವಿಷಯ: ನೀರನ್ನು ಹಿಂದಿನ ದಿನವೇ ಹಿಡಿದು ಮುಚ್ಚಿಟ್ಟು, ಕಲಸುವಾಗ ಬಾಟಲಿಯ ಗೋಡೆಗುಂಟ ನಿಧಾನವಾಗಿ ಬಿಡಬೇಕು. ಬರೆದೆ.

ಓದಿ ನೋಡಿದೆ. ಚೆನ್ನಾಗಿತ್ತು. ಹರಿದೆ.

31 ಜುಲೈ, ಸೋಮವಾರ

ಚಕ್ರಪಾಣಿಯವರು ನಿಯಮದ ಕಾಗದವನ್ನು ಗಟ್ಟಿಯಾಗಿ ಓದಿದರು. ಮೂರನೆಯದಕ್ಕೆ ಬಂದು ನಿಂತರು. "'ದ್ರಾವಣಕ್ಕೆ ಬಳಸುವ ನೀರನ್ನು ಪ್ರತಿದಿನ ಬೆಳಗ್ಗೆ ಅನುಭವವುಳ್ಳ ಸಿಬ್ಬಂದಿ ಪರೀಕ್ಷಿಸಿ ಒಪ್ಪಿದ ಮೇಲೆಯೇ ಯಂತ್ರವನ್ನು ಆರಂಭಿಸತಕ್ಕದ್ದು.' ಅನುಭವವುಳ್ಳ ಸಿಬ್ಬಂದಿ ಅಂದ್ರೆ ಶಿವಕ್ಕ."

"ಸದ್ಯಕ್ಕೆ ಅವರೊಬ್ಬರೇ ಸಾರ್."

"ಅಲ್ರೀ, ಇದ್ಯಾಕೆ? ನೀರು ಹಿಂದಿನ ದಿನವೇ ಹಿಡಿದಿಟ್ರಾಗಲ್ವಾ? ನೀವು ಶನಿವಾರದ್ದನ್ನ ಸೋಮವಾರ ಬಳಸಿದ್ರಿ, ಸರಿ ಬಂತು. ನಿಮ್ಮ ವರದಿಯಲ್ಲೇ ಇದೆ."

"ಇದೆ ಸಾರ್."

"ಮತ್ತೆ? ಮುಚ್ಚಿಡೋದು, ಬೆಳಗ್ಗೆ ತೆಗೆಯೋದು. ಯಾರ ಬಾಯಿನೂ ಬೇಡ."

ಅವರು ಮೂರ್ಖರಲ್ಲ.

"ಆಗಬಹುದು ಸಾರ್. ಆದರೆ ನಾನು ತೂಗಿದ್ದು ಬರೀ ನೀರನ್ನ, ಜುಲೈ ತಿಂಗಳಲ್ಲಿ. ಇಟ್ಟ ನೀರಲ್ಲಿ ಕಲಸಿದ ದ್ರಾವಣ ಹೇಗೆ ಬರುತ್ತೆ ಅಂತ ನೋಡಿಲ್ಲ. ಮಳೆಗಾಲದಲ್ಲಿ ಒಂದು ಥರ, ಚಳಿಗೆ ಒಂದು ಥರ. ಏಪ್ರಿಲ್‌ನಲ್ಲಿ ಈ ಶೆಡ್ಡು ಮೂವತ್ತನಾಲ್ಕು ಡಿಗ್ರಿ ಮುಟ್ಟುತ್ತೆ. ಪರೀಕ್ಷೆ ಮಾಡದೆ ನಿಯಮದಲ್ಲಿ ಬರೆಯೋಕಾಗಲ್ಲ."

"ಎಷ್ಟು ದಿನ ಬೇಕು ಪರೀಕ್ಷೆಗೆ?"

"ಒಂದು ವರ್ಷ."

ಪಕ್ಕದ ಪ್ರೆಸ್ಸು ನಾಲ್ಕೈದು ಸಲ ಬಡಿಯಿತು.

"ಒಂದು ವರ್ಷ ದಿನಾ ಯಾರು ತೂಗ್ತಾರೆ?"

"ನಾನು. ಊಟದ ಹೊತ್ತಿನಲ್ಲಿ."

"ಅಲ್ಲಿವರೆಗೆ?"

"ಅಲ್ಲಿವರೆಗೆ ಮೂರನೇ ನಿಯಮ."

ನನ್ನ ಮುಖವನ್ನು ನೋಡಿದರು. ಪೆನ್ನಿನ ಕ್ಯಾಪು ಹಾಕಿದರು. ಮತ್ತೆ ತೆಗೆದು ಸಹಿ ಮಾಡಿದರು. "ಮುಂದಿನ ವರ್ಷ ಇದೇ ತಾರೀಖಿಗೆ ವರದಿ ನನ್ನ ಮೇಜಿನ ಮೇಲಿರ್ಬೇಕು ಸತ್ಯವತಿ. ಒಂದು ದಿನ ತಡ ಆಗ್ಬಾರ್ದು."

ಹೊರಗೆ ಬಂದು ಶಿವಕ್ಕನಿಗೆ ಹೇಳಿದೆ: ನಾಳೆ ಎಂಟೂವರೆಗೆ ಬರಬೇಕು, ಮೊದಲು ನೀರು ನೋಡಬೇಕು. "ಒಂದ್ ವರ್ಸ ಆದ್ಮ್ಯಾಲೆ?" ಎಂದು ಕೇಳಿದರು. ಫಲಿತಾಂಶ ಹೇಗೆ ಬರುತ್ತದೋ ನೋಡಬೇಕು ಎಂದೆ. "ಅಂಗಾರೆ ಸರ್ಯಾಗ್ ತೂಗ್ರಿ" ಎಂದು ಹೇಳಿ ಪಿಪೆಟ್ಟು ತೊಳೆಯಲು ಹೋದರು.

ನಾಳೆಯಿಂದ ದಿನಕ್ಕೊಂದು ಸರಣಿ, ಹತ್ತು ತೂಕ. ಭಾನುವಾರ ಬಿಟ್ಟು ಲೆಕ್ಕ ಹಾಕಿದೆ: ವರ್ಷಕ್ಕೆ 3,130. ಹಬ್ಬದ ರಜೆಗಳನ್ನು ಇನ್ನೂ ಕಳೆದಿಲ್ಲ.